ಕೌದಿಯ ಅಂಚು, ನಡುವಿನ ಅಳತೆ

ತುಂಡು ಬಟ್ಟೆಗಳನ್ನು ಜೋಡಿಸಿ ಹೊಲಿದ ಕೌದಿಗೆ ಸೀರೆಯ ಹಾಗೆಯೇ ಒಂದು ಒಡಲು, ಒಂದು ಅಂಚು. ಒಡಲಿನಲ್ಲಿ ಬಣ್ಣ, ವಿನ್ಯಾಸಗಳ ಆಟ ನಡೆಯುತ್ತದೆ. ಅಂಚು ಅದನ್ನು ನಾಲ್ಕೂ ಕಡೆಯಿಂದ ಹಿಡಿದು ನಿಲ್ಲಿಸುತ್ತದೆ. ನೋಡುವವರಿಗೆ ಅಂಚು ಅಲಂಕಾರದ ಹಾಗೆ ಕಂಡರೂ ಅದರ ಮೊದಲ ಕೆಲಸ ಆಕಾರ ಕಾಯುವುದು. ಹೊದಿಕೆಯ ಮೂಲೆಗಳು ಲಂಬಕೋನದಲ್ಲಿ ಕೂರಬೇಕು, ಎದುರುಬದುರು ಬದಿಗಳು ಒಂದೇ ಉದ್ದ ಬರಬೇಕು, ನೆಲಕ್ಕೆ ಹಾಸಿದರೆ ಎಲ್ಲೂ ಉಬ್ಬದೆ ಏಳದೆ ಮಟ್ಟಸವಾಗಿ ಮಲಗಬೇಕು. ಕ್ವಿಲ್ಟ್ ಹೊಲಿಯುವವರು ‘ಚೌಕ’ ಎನ್ನುವುದು ಇದಕ್ಕೇ. ನಾಲ್ಕು ಬದಿಯೂ ಸಮ ಇರಬೇಕೆಂದಲ್ಲ. ಉದ್ದ ಅಗಲ ಬೇರೆಬೇರೆಯಾಗಿದ್ದರೂ ಮೂಲೆ ಸರಿಯಿದ್ದರೆ ಸಾಕು.

ಈ ಚೌಕ ಕೆಡುವುದು ಹೆಚ್ಚಾಗಿ ಅಂಚು ಕೂಡಿಸುವ ಹೊತ್ತಿನಲ್ಲಿ. ಮನೆಗಳಲ್ಲಿ ರೂಢಿಯಲ್ಲಿರುವ ಸುಲಭದ ದಾರಿ ಎಂದರೆ ಉದ್ದನೆಯ ಪಟ್ಟಿಯೊಂದನ್ನು ಒಡಲಿನ ಬದಿಗೆ ಹಿಡಿದು, ಮಷೀನಿಗೆ ಕೊಟ್ಟು, ಕೊನೆಯಲ್ಲಿ ಉಳಿದದ್ದನ್ನು ಕತ್ತರಿಸಿಬಿಡುವುದು. ಅಳತೆಯ ಗೋಜೇ ಇಲ್ಲ. ಆದರೆ ಹೀಗೆ ಹೊಲಿದ ಅಂಚು ಬಿಸಿಲಿನಲ್ಲಿ ಒಣಗಿದ ಹಪ್ಪಳದ ಹಾಗೆ ಅಲ್ಲಲ್ಲಿ ಮೇಲೇಳುತ್ತದೆ. ಎಡ ಬದಿ ಬಲ ಬದಿಗಿಂತ ಒಂದಿಂಚು ಉದ್ದವಾಗಿರುವುದೂ ಉಂಟು. ಇಸ್ತ್ರಿಯಿಂದ ಇದು ಸರಿಹೋಗುವುದಿಲ್ಲ, ಏಕೆಂದರೆ ಅಲ್ಲಿ ಇರಬೇಕಾದದ್ದಕ್ಕಿಂತ ಹೆಚ್ಚು ಬಟ್ಟೆಯೇ ಸೇರಿಕೊಂಡಿರುತ್ತದೆ.

ಆ ಹೆಚ್ಚಿನ ಬಟ್ಟೆ ಬರುವುದು ಎಲ್ಲಿಂದ ಎಂಬುದು ತಿಳಿದರೆ ಉಳಿದ ಕ್ರಮವೆಲ್ಲ ತಾನಾಗಿ ಅರ್ಥವಾಗುತ್ತದೆ. ಒಡಲಿನ ಹೊರಬದಿ ಅದರ ಅತ್ಯಂತ ಸಡಿಲ ಭಾಗ. ಒಳಗಿನ ಪ್ರತಿ ತುಂಡನ್ನೂ ಸುತ್ತಲಿನ ಹೊಲಿಗೆಗಳು ಬಿಗಿದಿರುತ್ತವೆ, ಬದಿಯ ತುಂಡಿಗೆ ಒಂದು ಕಡೆ ಬಯಲು. ಅಲ್ಲಿ ಹೊಲಿಗೆಯ ಕೊನೆಗಳು ಬಿಚ್ಚಿಕೊಂಡು ಸಂದು ತುಸು ಅಗಲವಾಗುತ್ತದೆ. ಮಡಚುವಾಗ, ಎತ್ತುವಾಗ, ಇಸ್ತ್ರಿ ಹಾಕುವಾಗ ಎಳೆತ ಬೀಳುವುದೂ ಅಲ್ಲೇ. ಹೀಗಾಗಿ ನಡುವೆ ಅಳೆದರೆ 63 ಇಂಚು ಬರುವ ಒಡಲು ಬದಿಯಲ್ಲಿ 64 ತೋರಿಸಿದರೆ ಅಚ್ಚರಿಪಡಬೇಕಾಗಿಲ್ಲ. ಇದರ ಜೊತೆಗೆ ಮಷೀನಿನದೂ ಒಂದು ಪಾಲಿದೆ. ಕೆಳಗಿನ ಹಲ್ಲುಗಳು ಅಡಿಯ ಬಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳುತ್ತವೆ, ಮೇಲಿನ ಪಾದ ಮೇಲಿನ ಬಟ್ಟೆಯನ್ನು ತಡೆದು ಮುಂದಕ್ಕೆ ತಳ್ಳುತ್ತದೆ. ಎರಡು ಪದರಗಳು ಒಂದೇ ವೇಗದಲ್ಲಿ ಸಾಗುವುದಿಲ್ಲ. ಐದಾರು ಅಡಿ ಉದ್ದದ ಹೊಲಿಗೆ ಮುಗಿಯುವಷ್ಟರಲ್ಲಿ ಒಂದು ಪದರ ಇನ್ನೊಂದಕ್ಕಿಂತ ಅರ್ಧ ಇಂಚು, ಮುಕ್ಕಾಲು ಇಂಚು ಮುಂದೆ ಹೋಗಿರುತ್ತದೆ. ಅಳೆಯದ ಪಟ್ಟಿ ಈ ಎಲ್ಲ ಹಿಗ್ಗನ್ನೂ ತನ್ನೊಳಗೆ ಸೇರಿಸಿಕೊಳ್ಳುತ್ತಾ ಹೋಗುತ್ತದೆ.

ಮೂರನೆಯ ಕಾರಣ ಬಟ್ಟೆಯ ನೇಯ್ಗೆಯಲ್ಲಿದೆ. ಹಾಸಿನ ನೂಲು, ಅಂದರೆ ಥಾನಿನ ಉದ್ದಕ್ಕೆ ಹೋಗುವ ನೂಲು, ಮಗ್ಗದಲ್ಲಿ ಬಿಗಿದೇ ಇರುವುದರಿಂದ ಬಹಳ ಕಡಿಮೆ ಹಿಗ್ಗುತ್ತದೆ. ಅಡ್ಡ ಹೋಗುವ ಹೊಕ್ಕು ಸ್ವಲ್ಪ ಹಿಗ್ಗುತ್ತದೆ. ಇವೆರಡಕ್ಕೂ ಓರೆಯಾಗಿ, ಟೈಲರುಗಳು ‘ಕ್ರಾಸ್’ ಎನ್ನುವ ದಿಕ್ಕಿನಲ್ಲಿ ಎಳೆದರೆ ಬಟ್ಟೆ ರಬ್ಬರಿನ ಹಾಗೆ ಬರುತ್ತದೆ. ಚೌಕಗಳನ್ನು ವಜ್ರಾಕಾರದಲ್ಲಿ ನಿಲ್ಲಿಸಿ ಜೋಡಿಸಿದ ಒಡಲಿನಲ್ಲಿ ಬದಿ ತುಂಬಲು ಹಾಕಿದ ತ್ರಿಕೋನಗಳ ಕ್ರಾಸ್ ಬದಿ ಹೊರಗೆ ಬಂದಿದ್ದರೆ, ಅಂಥ ಒಡಲನ್ನು ಮುಟ್ಟುವ ಮೊದಲೇ ಬದಿಯಿಂದ ಅರೆಕಾಲು ಇಂಚು ಒಳಗೆ ಸುತ್ತಲೂ ಒಂದು ಸಾದಾ ಹೊಲಿಗೆ ಹಾಕಿಡುವುದು ಜಾಣತನ. ಆ ಹೊಲಿಗೆ ಮುಂದೆ ಅಂಚಿನ ಮಾರ್ಜಿನ್‌ನೊಳಗೆ ಮರೆಯಾಗುತ್ತದೆ.

ಮೊದಲು ಒಡಲಿನ ಪರೀಕ್ಷೆ

ಅಂಚಿನ ಪಟ್ಟಿ ಕತ್ತರಿಸುವುದಕ್ಕೆ ಮುಂಚೆ ಒಡಲನ್ನು ಚೆನ್ನಾಗಿ ಇಸ್ತ್ರಿ ಮಾಡಬೇಕು. ಶರ್ಟಿಗೆ ಮಾಡುವ ಹಾಗೆ ಪೆಟ್ಟಿಗೆಯನ್ನು ಹಿಂದೆ ಮುಂದೆ ಎಳೆದಾಡಿದರೆ ಬಟ್ಟೆ ಹಿಗ್ಗುತ್ತದೆ. ಪೆಟ್ಟಿಗೆಯನ್ನು ಒತ್ತಿ, ಎತ್ತಿ, ಮುಂದಿನ ಜಾಗದಲ್ಲಿ ಇಡಬೇಕು. ಸಂದುಗಳು ಪೂರ್ತಿ ಬಿಚ್ಚಿಕೊಂಡಿವೆಯೇ, ಎಲ್ಲಾದರೂ ಒಳಮಡಿಕೆ ಉಳಿದಿದೆಯೇ ನೋಡಬೇಕು. ಸಣ್ಣ ಮಡಿಕೆಗಳೇ ಹತ್ತಾರು ಸೇರಿ ಅರ್ಧ ಇಂಚು ನುಂಗಿರುತ್ತವೆ.

ಆಮೇಲೆ ಒಡಲನ್ನು ನೆಲಕ್ಕೆ ಹಾಸಿ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯುವುದು. ಎದುರು ಬದಿಗಳು ಸಮವಾಗಿದ್ದು ಕರ್ಣಗಳೂ ಸಮ ಬಂದರೆ ಒಡಲು ಚೌಕವಾಗಿದೆ. ಒಂದು ಕರ್ಣ ಉದ್ದ, ಇನ್ನೊಂದು ಗಿಡ್ಡ ಬಂದರೆ ಒಡಲು ಒಂದು ಕಡೆಗೆ ವಾಲಿದೆ. ಮೂಲೆ ಪರೀಕ್ಷಿಸಲು ಗಾರೆಯವರ ಮೂಲೆಮಟ್ಟ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಅವರದೇ ಲೆಕ್ಕ ಸಾಕು: ಮೂಲೆಯಿಂದ ಒಂದು ಬದಿಯಲ್ಲಿ 3 ಅಡಿ, ಇನ್ನೊಂದು ಬದಿಯಲ್ಲಿ 4 ಅಡಿ ಗುರುತು ಮಾಡಿದರೆ ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬರಬೇಕು. ಟೈಲ್ಸ್ ಹಾಕಿದ ಮನೆಯಲ್ಲಿ ಇದಕ್ಕಿಂತಲೂ ಸುಲಭ. ಟೈಲ್ಸಿನ ಗೆರೆಗೆ ಒಂದು ಬದಿ ಹೊಂದಿಸಿ ಹಾಸಿದರೆ ಉಳಿದ ಮೂರು ಬದಿಗಳ ಸೊಟ್ಟ ಕಣ್ಣಿಗೇ ಕಾಣುತ್ತದೆ.

ಸೊಟ್ಟ ಕಂಡಾಗ ಅಂಚಿನಿಂದ ಮುಚ್ಚಿಬಿಡೋಣ ಎನ್ನುವ ಆಸೆ ಹುಟ್ಟುವುದು ಸಹಜ. ಅರ್ಧ ಇಂಚಿನೊಳಗಿನ ವ್ಯತ್ಯಾಸವನ್ನು ಅಂಚು ಸರಿದೂಗಿಸಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ತಪ್ಪು ಒಳಗಿನ ಹೊಲಿಗೆಯಲ್ಲಿದೆ. ಸಾಮಾನ್ಯವಾಗಿ ಅದು ಮಾರ್ಜಿನ್‌ನ ತಪ್ಪು. ತುಂಡು ಜೋಡಣೆಗೆ ಕಾಲು ಇಂಚಿನ ಮಾರ್ಜಿನ್ ರೂಢಿ. ಒಂದು ಸಾಲಿನಲ್ಲಿ ಏಳು ಚೌಕಗಳಿದ್ದರೆ ಒಳಗೆ ಆರು ಹೊಲಿಗೆಗಳು. ಪ್ರತಿ ತುಂಡಿನಿಂದಲೂ ಬರೀ ಒಂದು ಮಿಲಿಮೀಟರ್ ಹೆಚ್ಚು ಒಳಗೆ ಹೋದರೂ ಹೊಲಿಗೆಗೆ ಎರಡರಂತೆ ಹನ್ನೆರಡು ಮಿಲಿಮೀಟರ್, ಅಂದರೆ ಸರಿಸುಮಾರು ಅರ್ಧ ಇಂಚು ಕಡಿಮೆಯಾಗುತ್ತದೆ. ಪಕ್ಕದ ಸಾಲನ್ನು ಬೇರೆ ದಿನ, ಬೇರೆ ಮಾರ್ಜಿನ್‌ನಲ್ಲಿ ಹೊಲಿದಿದ್ದರೆ ಎರಡು ಸಾಲುಗಳ ಉದ್ದವೇ ಬೇರೆ. ಯಾವ ಸಾಲು ಕೆಟ್ಟಿದೆ ಎಂದು ಕಂಡುಹಿಡಿದು ಒಂದೆರಡು ಹೊಲಿಗೆ ಬಿಚ್ಚಿ ಹಾಕುವುದು ಬೇಸರದ ಕೆಲಸವೇ. ಆದರೂ ನಾಲ್ಕು ಅಂಚು ಹೊಲಿದ ಮೇಲೆ ಬಿಚ್ಚುವುದಕ್ಕಿಂತ ಅದು ಹಗುರ.

ಉದ್ದ ಅಳೆಯುವುದು

ಅಂಚಿನ ಉದ್ದವನ್ನು ಒಡಲಿನ ನಡುವಿನಿಂದ ತೆಗೆದುಕೊಳ್ಳಬೇಕು, ಬದಿಯಿಂದಲ್ಲ. ಮೇಲೆ ಹೇಳಿದ ಹಾಗೆ ಬದಿ ಹಿಗ್ಗಿರುತ್ತದೆ, ಅದರ ಅಳತೆಗೆ ಪಟ್ಟಿ ಕತ್ತರಿಸಿದರೆ ಹಿಗ್ಗನ್ನೇ ಖಾಯಂ ಮಾಡಿದಂತೆ. ನಡುವಿನ ಅಳತೆಗೆ ಕತ್ತರಿಸಿದ ಪಟ್ಟಿಗೆ ಬದಿಯನ್ನು ಹೊಂದಿಸಿದಾಗ ಬದಿ ತನ್ನ ನಿಜವಾದ ಉದ್ದಕ್ಕೆ ಮರಳುತ್ತದೆ. ದೊಡ್ಡ ಕೌದಿಯಾದರೆ ಮೂರು ಕಡೆ ಅಳೆಯುವುದು ವಾಡಿಕೆ: ನಟ್ಟನಡುವೆ ಒಂದು, ಎರಡೂ ಬದಿಗಳಿಂದ ನಾಲ್ಕೈದು ಇಂಚು ಒಳಗೆ ಒಂದೊಂದು. ಮೂರರ ಸರಾಸರಿಯೇ ಅಂಚಿನ ಉದ್ದ. ಮೂರರಲ್ಲಿ ಯಾವುದನ್ನು ನಂಬುವುದು ಎಂಬ ಗೊಂದಲ ಬಂದರೆ ನಟ್ಟನಡುವಿನದನ್ನು ನಂಬುವುದು ಕ್ಷೇಮ.

ಒಂದು ಲೆಕ್ಕ ನೋಡಬಹುದು. ಹೊಲಿದ ಮೇಲೆ 9 ಇಂಚು ಬರುವ ಚೌಕಗಳು, ಅಡ್ಡಕ್ಕೆ ಐದು, ಉದ್ದಕ್ಕೆ ಏಳು. ಹೊರ ಮಾರ್ಜಿನ್ ಸೇರಿ ಒಡಲು 45½ ಅಗಲ, 63½ ಉದ್ದ ಇರಬೇಕು. ಕರ್ಣ ಎರಡೂ 78 ಇಂಚಿನ ಮೇಲೆ ಅರೆಕಾಲು ಬರಬೇಕು. ಟೇಪು ಹಿಡಿದರೆ ನಡುವೆ 63¼, ಎಡಕ್ಕೆ ಒಳಗೆ 63½, ಬಲಕ್ಕೆ ಒಳಗೆ 63¾ ಸಿಕ್ಕಿತು ಎನ್ನೋಣ. ಮೂರೂ ಕೂಡಿದರೆ 190½, ಸರಾಸರಿ 63½. ಎರಡು ನಿಲುವು ಅಂಚುಗಳನ್ನೂ 63½ ಇಂಚಿಗೇ ಕತ್ತರಿಸಬೇಕು. ಎಡಬದಿಯ ಅಂಚಿಗೆ ಎಡದ ಅಳತೆ, ಬಲಬದಿಯದಕ್ಕೆ ಬಲದ ಅಳತೆ ಎಂದು ಹೋದರೆ ಕೌದಿ ಸೊಟ್ಟಗೇ ಉಳಿಯುತ್ತದೆ. ಎರಡು ಎದುರು ಪಟ್ಟಿಗಳು ಒಂದೇ ಉದ್ದವಿರುವುದೇ ಚೌಕಕ್ಕೆ ಆಧಾರ.

ಹೊಲಿಗೆ ಡಬ್ಬಿಯ ಹಳೆಯ ಟೇಪು ವರ್ಷಗಳ ಬಳಕೆಯಿಂದ ಹಿಗ್ಗಿರಬಹುದು. ಅದೂ ಆಗಬಹುದು, ಆದರೆ ಒಡಲಿಗೂ ಪಟ್ಟಿಗೂ ಅದೇ ಟೇಪು ಇರಬೇಕು. ನಡುವೆ ಟೇಪು ಬದಲಿಸಿದರೆ ಲೆಕ್ಕ ತಪ್ಪುತ್ತದೆ. ಟೇಪೇ ಬೇಡ ಎನ್ನುವವರಿಗೆ ಇನ್ನೊಂದು ದಾರಿಯಿದೆ. ಎರಡು ಅಂಚುಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಒಡಲಿನ ನಡುವಿನ ಉದ್ದಕ್ಕೆ ಹಾಸಿ, ಎಳೆಯದೆ ನೇವರಿಸಿ, ಒಡಲು ಮುಗಿದಲ್ಲಿ ಎರಡನ್ನೂ ಒಟ್ಟಿಗೆ ಕತ್ತರಿಸುವುದು. ಅಂಕಿಯ ತಪ್ಪಿಗೆ ಅಲ್ಲಿ ಅವಕಾಶವೇ ಇಲ್ಲ.

ಪಟ್ಟಿಯ ಬಟ್ಟೆ

ಅಂಚನ್ನು ಹಾಸಿನ ನೂಲಿನ ಉದ್ದಕ್ಕೆ ಕತ್ತರಿಸುವುದು ಎಲ್ಲಕ್ಕಿಂತ ಉತ್ತಮ. ಹಿಗ್ಗದ ಪಟ್ಟಿ ಒಡಲನ್ನೂ ಹಿಗ್ಗಲು ಬಿಡುವುದಿಲ್ಲ. ಆದರೆ ಇದಕ್ಕೆ ಬಟ್ಟೆ ಉದ್ದವಾಗಿ ಬೇಕು. ಮೇಲಿನ ಲೆಕ್ಕಕ್ಕೆ 4½ ಇಂಚು ಅಗಲದ ನಾಲ್ಕು ಪಟ್ಟಿಗಳನ್ನು ಜೋಡಣೆಯಿಲ್ಲದೆ ತೆಗೆಯಲು ಒಂದೂಮುಕ್ಕಾಲು ಮೀಟರ್ ಕೊಂಡರೆ ಸಾಕು. ಥಾನಿನ ಅಗಲದಲ್ಲಿ 18 ಇಂಚು ಖರ್ಚಾಗಿ ಉಳಿದದ್ದು ಬೇರೆ ತುಂಡುಗಳಿಗೆ ಒದಗುತ್ತದೆ. ಅಡ್ಡಕ್ಕೆ ಕತ್ತರಿಸಿದರೆ ಒಂದು ಮೀಟರಿನಲ್ಲಿ ಮುಗಿಯುತ್ತದೆ, ಆದರೆ 44 ಇಂಚಿನ ಪನ್ನದಿಂದ ಕೈಗೆ ಬರುವುದು 42 ಇಂಚಿನ ಪಟ್ಟಿ. ಒಟ್ಟು 234 ಇಂಚು ಬೇಕಾಗಿರುವುದರಿಂದ ಆರು ಪಟ್ಟಿ ಸಾಲುತ್ತವೆ ಅನಿಸುತ್ತದೆ. ಪಟ್ಟಿಗಳನ್ನು ಓರೆಯಾಗಿ ಜೋಡಿಸಿದರೆ ಪ್ರತಿ ಜೋಡಣೆಗೂ ಪಟ್ಟಿಯ ಅಗಲದಷ್ಟು, ಇಲ್ಲಿ 4½ ಇಂಚು, ಹೋಗುವುದರಿಂದ ಏಳು ಪಟ್ಟಿ ತೆಗೆಯಬೇಕಾಗುತ್ತದೆ. ಓರೆ ಜೋಡಣೆ ಕಣ್ಣಿಗೆ ಬೀಳುವುದಿಲ್ಲ, ಸಂದಿನ ದಪ್ಪವೂ ಒಂದೇ ಕಡೆ ಸೇರುವುದಿಲ್ಲ ಎಂಬ ಕಾರಣಕ್ಕೆ ಆ ನಷ್ಟವನ್ನು ಒಪ್ಪಿಕೊಳ್ಳುವವರೇ ಹೆಚ್ಚು.

ಹತ್ತಿ ಬಟ್ಟೆಯನ್ನು ಅಂಗಡಿಯವರು ಕತ್ತರಿಯಿಂದ ಒಂದು ಕಚ್ಚು ಕೊಟ್ಟು ಚರ್ರನೆ ಹರಿಯುತ್ತಾರಲ್ಲ, ಆ ಹರಿಯುವಿಕೆ ನೂಲಿನ ಗುಂಟವೇ ಹೋಗುತ್ತದೆ. ಪಟ್ಟಿ ನೇರ ಬರಲು ಅದಕ್ಕಿಂತ ಸುಲಭದ ಉಪಾಯವಿಲ್ಲ. ಹರಿದ ಬದಿ ಮಾತ್ರ ಸ್ವಲ್ಪ ಸುಕ್ಕಾಗಿ ಹಿಗ್ಗಿರುತ್ತದೆ, ಅದಕ್ಕೆ ಅರ್ಧ ಇಂಚು ಹೆಚ್ಚಿಟ್ಟು ಹರಿದು ಇಸ್ತ್ರಿ ಮಾಡಿ ಬದಿ ಕತ್ತರಿಸಬೇಕು. ಥಾನಿನ ಎರಡು ಬದಿಯ ಗಟ್ಟಿ ನೇಯ್ಗೆಯ ಅಂಚನ್ನು ಪಟ್ಟಿಗೆ ಸೇರಿಸಬಾರದು, ಒಗೆದಾಗ ಅದು ಉಳಿದ ಬಟ್ಟೆಯ ಹಾಗೆ ಕುಗ್ಗುವುದಿಲ್ಲ. ಒಡಲು ಹಳೆಯ ಸೀರೆ, ಪಂಚೆಗಳದಾಗಿದ್ದು ಅಂಚಿಗೆ ಹೊಸ ಬಟ್ಟೆ ತಂದಿದ್ದರೆ ಹೊಸದನ್ನು ಒಮ್ಮೆ ನೆನೆಸಿ ಒಗೆದೇ ಕತ್ತರಿಸಬೇಕು. ನೂರು ಸಲ ಒಗೆದ ಬಟ್ಟೆ ಇನ್ನು ಕುಗ್ಗುವುದಿಲ್ಲ. ಹೊಸ ಹತ್ತಿ ಬಟ್ಟೆ ಮೊದಲ ಒಗೆತದಲ್ಲೇ ಕುಗ್ಗಿ ಒಡಲನ್ನು ಬುಟ್ಟಿಯ ಹಾಗೆ ಉಬ್ಬಿಸುತ್ತದೆ.

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಇಳಕಲ್ ಸೀರೆ ಕೌದಿಗೆ ಹೋಗುವುದು ಹೊಸದೇನಲ್ಲ. ಸೀರೆಯ ಅಂಚು ಹಾಸಿನ ನೂಲಿನ ಉದ್ದಕ್ಕೇ ಇರುತ್ತದೆ, ಜೋಡಣೆಯಿಲ್ಲದೆ ಮೀಟರುಗಟ್ಟಲೆ ಸಿಗುತ್ತದೆ. ಕೌದಿಯ ಅಂಚಿಗೆ ಹೇಳಿ ಮಾಡಿಸಿದ ಬಟ್ಟೆ ಅದು. ಒಡಲು ಹತ್ತಿಯದಾಗಿದ್ದು ಅಂಚು ರೇಷ್ಮೆ ಅಥವಾ ಕೃತಕ ರೇಷ್ಮೆಯದಾಗಿದ್ದರೆ ಇಸ್ತ್ರಿಯ ಬಿಸಿ ಕಡಿಮೆ ಇರಬೇಕು. ಆ ನುಣುಪು ಬಟ್ಟೆ ಮಷೀನಿನಲ್ಲಿ ಜಾರುವುದರಿಂದ ಗುಂಡುಸೂಜಿಗಳೂ ಹತ್ತಿರ ಹತ್ತಿರ ಬೇಕು.

ಹೊಲಿಯುವ ಕ್ರಮ

ಪಟ್ಟಿಯನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಚಿ ನಡು ಮತ್ತು ಕಾಲುಭಾಗಗಳಿಗೆ ಚಾಕಿನಿಂದ ಗುರುತು ಹಾಕುವುದು. ಒಡಲಿನ ಬದಿಗೂ ಹಾಗೆಯೇ. ಮೊದಲು ಎರಡು ತುದಿ, ಆಮೇಲೆ ನಡು, ಆಮೇಲೆ ಕಾಲುಗಳನ್ನು ಕೂಡಿಸಿ ಗುಂಡುಸೂಜಿ ಚುಚ್ಚುವುದು. ಉಳಿದ ಜಾಗದಲ್ಲಿ ಎರಡು ಮೂರು ಇಂಚಿಗೊಂದು. ಇಷ್ಟು ಸೂಜಿ ಯಾಕೆ ಎಂದು ಕೈ ಗೊಣಗಬಹುದು. ಆದರೆ ಎಡದಿಂದ ಬಲಕ್ಕೆ ಒಂದೇ ಸಮನೆ ಚುಚ್ಚುತ್ತಾ ಹೋದರೆ ಹೆಚ್ಚಿನ ಬಟ್ಟೆಯೆಲ್ಲ ಕೊನೆಗೆ ಬಂದು ಗುಡ್ಡೆಯಾಗುತ್ತದೆ, ಭಾಗ ಮಾಡಿ ಚುಚ್ಚಿದರೆ ಅದೇ ಅರ್ಧ ಇಂಚು ಉದ್ದಕ್ಕೂ ಹರಡಿ ಕಾಣದಂತಾಗುತ್ತದೆ. ಸೂಜಿ ನಂಬದವರು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿಕೊಳ್ಳಬಹುದು.

ಎರಡು ಪದರಗಳಲ್ಲಿ ಯಾವುದು ಉದ್ದವಾಗಿದೆಯೋ ಅದನ್ನು ಕೆಳಗಿಡಬೇಕು. ಮಷೀನಿನ ಹಲ್ಲು ಅಡಿಯ ಬಟ್ಟೆಯನ್ನು ಹೆಚ್ಚು ಒಳಕ್ಕೆ ತೆಗೆದುಕೊಳ್ಳುವ ಗುಣವೇ ಇಲ್ಲಿ ನೆರವಿಗೆ ಬರುತ್ತದೆ. ಸಾಮಾನ್ಯವಾಗಿ ಹಿಗ್ಗಿರುವುದು ಒಡಲಿನ ಬದಿ, ಹಾಗಾಗಿ ಒಡಲು ಕೆಳಗೆ, ಪಟ್ಟಿ ಮೇಲೆ. ಹೊಲಿಯುವಾಗ ಬಟ್ಟೆಯನ್ನು ಎಳೆಯಬಾರದು, ಭಾರವಾದ ಒಡಲು ಮೇಜಿನಿಂದ ಜೋತು ಬಿದ್ದು ತಾನೇ ಎಳೆಯದಂತೆಯೂ ನೋಡಿಕೊಳ್ಳಬೇಕು. ಪಕ್ಕದಲ್ಲಿ ಒಂದು ಕುರ್ಚಿ ಇಟ್ಟು ಅದರ ಮೇಲೆ ಒಡಲನ್ನು ಗುಡ್ಡೆ ಹಾಕಿದರೆ ಸಾಕು.

ನಿಲುವು ಅಂಚು ಎರಡೂ ಮುಗಿದ ಮೇಲೆ ಹೊಲಿಗೆಯನ್ನು ಮೊದಲು ಇದ್ದ ಹಾಗೆಯೇ ಒತ್ತಿ, ಆಮೇಲೆ ಪಟ್ಟಿಯನ್ನು ಹೊರಕ್ಕೆ ಮಗುಚಿ ಸಂದು ಅಂಚಿನ ಕಡೆಗೆ ಬರುವಂತೆ ಇಸ್ತ್ರಿ ಮಾಡಬೇಕು. ಇಷ್ಟಾದ ಮೇಲೆ ಮಾತ್ರ ಅಗಲ ಅಳೆಯುವುದು, ಅದೂ ಹೊಸ ಅಂಚುಗಳನ್ನು ಸೇರಿಸಿ, ಮತ್ತೆ ನಡುವಿನಲ್ಲಿ. ಮೇಲಿನ ಲೆಕ್ಕದಲ್ಲಿ 45½ಕ್ಕೆ ಎರಡು ಪಟ್ಟಿಗಳ 9 ಇಂಚು ಸೇರಿಸಿ, ಎರಡು ಹೊಲಿಗೆಗಳಲ್ಲಿ ಒಳಗೆ ಹೋದ ಒಂದು ಇಂಚು ಕಳೆದರೆ 53½. ಕಾಗದದ ಈ ಲೆಕ್ಕಕ್ಕೂ ಟೇಪಿನ ಲೆಕ್ಕಕ್ಕೂ ಕಾಲು ಇಂಚು ವ್ಯತ್ಯಾಸ ಬಂದರೆ ಟೇಪಿನದೇ ಸರಿ. ಮೇಲಿನ ಮತ್ತು ಕೆಳಗಿನ ಪಟ್ಟಿಗಳನ್ನು ಆ ಅಳತೆಗೆ ಕತ್ತರಿಸಿ ಅದೇ ಕ್ರಮದಲ್ಲಿ ಹೊಲಿದರೆ 53½ಕ್ಕೆ 71½ ಇಂಚಿನ ಮೇಲ್ಪದರ ಸಿದ್ಧ. ಎರಡು, ಮೂರು ಅಂಚುಗಳು ಬೇಕೆಂದರೆ ಪ್ರತಿ ಸಲವೂ ಹೊಸದಾಗಿ ಅಳೆಯಬೇಕು. ಒಳಗಿನ ಅಂಚಿನ ಅಳತೆಯಿಂದ ಹೊರಗಿನದನ್ನು ಊಹಿಸಿದರೆ ಸಣ್ಣ ತಪ್ಪು ಬೆಳೆಯುತ್ತಾ ಹೋಗುತ್ತದೆ.

ಅಂಚೇ ತುಂಡುಗಳಿಂದ ಜೋಡಿಸಿದ್ದಾದರೆ ಇನ್ನೊಂದು ತೊಡಕು. 3 ಇಂಚಿನ ಚೌಕಗಳ ಅಂಚು ಕೂರಬೇಕಾದರೆ ಒಡಲಿನ ಉದ್ದ ಅಗಲ ಎರಡೂ ಮೂರರಿಂದ ಭಾಗವಾಗಬೇಕು. 45ಕ್ಕೆ 63 ಆದರೆ ಹದಿನೈದು, ಇಪ್ಪತ್ತೊಂದು ಎಂದು ಸರಿಯಾಗಿ ಕೂರುತ್ತದೆ. ಒಡಲು 46ಕ್ಕೆ 64 ಬಂದಿದ್ದರೆ ಕೂರುವುದಿಲ್ಲ. ಅಂಥಲ್ಲಿ ನಡುವೆ ಸಾದಾ ಬಟ್ಟೆಯ ಕಿರಿದಾದ ಪಟ್ಟಿಯನ್ನು ಹಾಕಿ ಲೆಕ್ಕ ಕೂಡಿಸುತ್ತಾರೆ: ಸುತ್ತಲೂ ಒಂದೊಂದು ಇಂಚು ಸೇರಿದರೆ 48ಕ್ಕೆ 66, ಹದಿನಾರು ಮತ್ತು ಇಪ್ಪತ್ತೆರಡು ಚೌಕ.

ಮೂಲೆಗಳು

ಮೇಲೆ ಹೇಳಿದ್ದು ನೇರ ಮೂಲೆ. ಮೂಲೆಗೆ ಬೇರೆ ಬಣ್ಣದ ಚೌಕ ಕೂರಿಸುವುದಾದರೆ ಯಾವ ಅಂಚನ್ನೂ ಹೊಲಿಯುವ ಮೊದಲೇ ಉದ್ದ ಅಗಲ ಎರಡನ್ನೂ ಅಳೆದು ನಾಲ್ಕು ಪಟ್ಟಿಗಳನ್ನೂ ಕತ್ತರಿಸಿಡಬೇಕು. ನಿಲುವು ಅಂಚು ಹೊಲಿದ ಮೇಲೆ, ಅಡ್ಡ ಪಟ್ಟಿಗಳ ಎರಡೂ ತುದಿಗೆ 4½ ಇಂಚಿನ ಚೌಕ ಸೇರಿಸಿ ಆಮೇಲೆ ಒಡಲಿಗೆ ಕೂಡಿಸುವುದು. ಈ ಚೌಕಗಳ ಸಂದು ನಿಲುವು ಅಂಚಿನ ಸಂದಿಗೆ ಕೂಡಲೇಬೇಕಾದ್ದರಿಂದ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಹೊಸಬರಿಗೆ ಇದು ಒಳ್ಳೆಯ ಅಭ್ಯಾಸ.

ಫೋಟೊ ಚೌಕಟ್ಟಿನ ಹಾಗೆ 45 ಡಿಗ್ರಿ ಓರೆಯಲ್ಲಿ ಕೂಡುವ ಮೂಲೆಗೆ ಪಟ್ಟಿ ಉದ್ದವಾಗಿ ಬೇಕು: ಒಡಲಿನ ಬದಿಯ ಉದ್ದ, ಅದಕ್ಕೆ ಪಟ್ಟಿಯ ಅಗಲದ ಎರಡರಷ್ಟು, ಮೇಲೆ ನಾಲ್ಕು ಇಂಚು. ಪಟ್ಟಿ ಉದ್ದವಾಗಿದೆಯೆಂದು ಅಳತೆ ಬಿಟ್ಟುಬಿಡಬಾರದು. ಪಟ್ಟಿಯ ನಡುವಿನಿಂದ ಎರಡೂ ಕಡೆಗೆ ಒಡಲಿನ ಅಳತೆಯ ಅರ್ಧರ್ಧವನ್ನು ಗುರುತು ಹಾಕಿ, ಆ ಗುರುತಿಗೇ ಒಡಲಿನ ಮೂಲೆಯನ್ನು ಚುಚ್ಚಬೇಕು. ಹೊಲಿಗೆಯನ್ನು ಮೂಲೆಗೆ ಕಾಲು ಇಂಚು ಮುಂಚೆ ನಿಲ್ಲಿಸಿ ಗಂಟು ಹಾಕುವುದು, ನಾಲ್ಕೂ ಬದಿ ಮುಗಿದ ಮೇಲೆ ಒಡಲನ್ನು ಓರೆಗೆ ಮಡಚಿ ಒಳಮೂಲೆಯಿಂದ ಹೊರಕ್ಕೆ ಓರೆ ಹೊಲಿಗೆ ಹಾಕುವುದು. ಓರೆ ಎಂದರೆ ಕ್ರಾಸ್, ಎಳೆದರೆ ಹಿಗ್ಗುತ್ತದೆ. ಹೆಚ್ಚಿನ ಬಟ್ಟೆ ಕತ್ತರಿಸುವ ಮೊದಲು ಮೂಲೆಯನ್ನು ಹಾಸಿ, ಅದು ನಿಜಕ್ಕೂ ಲಂಬವಾಗಿದೆಯೇ ಎಂದು ನೋಡಲೇಬೇಕು.

ದಾರ ಓಡಿಸಿದ ಮೇಲೆ

ಮೇಲ್ಪದರ ಎಷ್ಟೇ ಮಟ್ಟಸವಾಗಿದ್ದರೂ ಪದರಗಳನ್ನು ಕೂಡಿಸಿ ದಾರ ಓಡಿಸುವಾಗ ಮತ್ತೆ ಕೆಡಬಹುದು. ಪ್ರತಿ ಸಾಲು ಹೊಲಿಗೆಯೂ ಬಟ್ಟೆಯನ್ನು ತುಸು ಒಳಗೆಳೆದುಕೊಳ್ಳುತ್ತದೆ. ಒಡಲಿನಲ್ಲಿ ಬೆರಳಗಲಕ್ಕೊಂದು ಸಾಲು ಹಾಕಿ ಅಂಚನ್ನು ಖಾಲಿ ಬಿಟ್ಟರೆ ಒಡಲು ಕುಗ್ಗಿ ಅಂಚು ಇದ್ದಷ್ಟೇ ಉಳಿಯುತ್ತದೆ, ಅಳೆದು ಹೊಲಿದ ಅಂಚೂ ಆಗ ಅಲೆಯಾಗುತ್ತದೆ. ಒಡಲಿನಲ್ಲಿ ಇರುವಷ್ಟೇ ದಟ್ಟವಾಗಿ ಅಂಚಿನಲ್ಲೂ ಸಾಲು ಓಡಬೇಕು. ಸುತ್ತಲಿನ ಕೊನೆಯ ಪಟ್ಟಿ ಕಟ್ಟುವ ಮುಂಚೆ ಕರ್ಣಗಳನ್ನು ಇನ್ನೊಮ್ಮೆ ಅಳೆದು, ಮೂಲೆಮಟ್ಟ ಇಟ್ಟು ಹೊರಬದಿಯನ್ನು ನೇರ ಮಾಡಿಕೊಳ್ಳುವುದು ಕೊನೆಯ ಅವಕಾಶ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಯಲ್ಲಿ ಈ ಇಡೀ ತಾಪತ್ರಯ ತಲೆಕೆಳಗಾಗುತ್ತದೆ. ಅವರು ಒಡಲು ಮಾಡಿ ಅಂಚು ಸೇರಿಸುವುದಿಲ್ಲ. ಹಳೆಯ ಸೀರೆಯನ್ನು ಅಡಿಗೆ ಹಾಸಿ, ಒಂದು ಮೂಲೆಯಿಂದ ಹಿಡಿದು ಹೊರಬದಿಯ ಗುಂಟ ತುಂಡುಗಳನ್ನು ಅಂಚು ಮಡಚಿ ಇಡುತ್ತಾ, ಅಡಿಬಟ್ಟೆಗೂ ಸೇರಿಸಿ ಕೈಯಿಂದ ಸಾಲು ಹೊಲಿಗೆ ಹಾಕುತ್ತಾ, ಸುತ್ತು ಸುತ್ತಾಗಿ ನಡುವಿನ ಕಡೆಗೆ ಬರುತ್ತಾರೆ. ಜೋಡಿಸುವುದು, ಪದರ ಕೂಡಿಸುವುದು ಎರಡೂ ಒಂದೇ ಹೊಲಿಗೆಯಲ್ಲಿ ಆಗುತ್ತವೆ. ಅಂಚು ಮೊದಲೇ ಅಡಿಬಟ್ಟೆಗೆ ಬಿಗಿದುಕೊಂಡಿರುವುದರಿಂದ ಅದು ಹಿಗ್ಗುವ ಮಾತಿಲ್ಲ. ಹೆಚ್ಚುಕಡಿಮೆಯೆಲ್ಲ ನಡುವಿಗೆ ಸರಿದು ಕೊನೆಯ ತುಂಡಿನಲ್ಲಿ ಕರಗುತ್ತದೆ. ನಾಲ್ಕು ಮೂಲೆಗಳಿಗೆ ಮಡಚಿದ ತ್ರಿಕೋನದ ಬಟ್ಟೆ ಹೂವುಗಳನ್ನು ಹೊಲಿಯದಿದ್ದರೆ ಕೌದಿ ಮುಗಿದ ಲೆಕ್ಕವಲ್ಲ. ಇಲ್ಲಿ ಚೌಕ ಬರುವುದು ಪೂರ್ತಿಯಾಗಿ ಅಡಿಬಟ್ಟೆಯಿಂದ. ಅದನ್ನು ನೂಲಿನ ಗುಂಟ ಹರಿದು, ಮೂಲೆಯಿಂದ ಮೂಲೆಗೆ ಮಡಚಿ ನೋಡಿಕೊಂಡೇ ಮೊದಲ ತುಂಡು ಇಡಬೇಕು.